ಅತ್ತೆ ಕೂತಾಗ ಮಾತ್ರ ಹೊತ್ತುವ ದೀಪ

ಅತ್ತೆ ಕಾರಿನ ಹಿಂದಿನ ಸೀಟಿನ ಎಡಬದಿಯಲ್ಲಿ ಕೂತದ್ದೇ ತಡ, ಸ್ಟೇರಿಂಗಿನ ಹಿಂದೆ ಎಬಿಎಸ್ ಬ್ರೇಕಿನ ಹಳದಿ ದೀಪ ಹೊತ್ತಿಕೊಂಡಿತು. "ನಾನು ಹೇಳ್ಲಿಲ್ವಾ? ಅತ್ತೆ ಕೂತ್ರೆ ಸಾಕು," ಎಂದ ಅಳಿಯ, ಗ್ಯಾರೇಜಿನ ಒಡತಿಗೆ. ಮೂರು ತಿಂಗಳಿಂದ ಅವನ ಬಾಯಲ್ಲಿ ಇದೇ ತಮಾಷೆ. ಎರಡು ಗ್ಯಾರೇಜಿನವರು ಗಾಡಿ ಓಡಿಸಿ ನೋಡಿ, ದೀಪವೇ ಕಾಣದೆ ವಾಪಸು ಕಳಿಸಿದ್ದರು. ಮನೆಯವರೆಲ್ಲ ನಕ್ಕಿದ್ದರು, ಅತ್ತೆ ಮಾತ್ರ ಸದ್ದಿಲ್ಲದೆ ಬಸ್ಸು ಹಿಡಿಯಲು ಶುರುಮಾಡಿದ್ದರು.

ಈ ಗ್ಯಾರೇಜಿನ ಒಡತಿ ನಗಲಿಲ್ಲ. "ಅಮ್ಮ, ಒಂದ್ಸಲ ಇಳೀರಿ," ಎಂದು ಕೀ ಆಫ್ ಮಾಡಿ ಮತ್ತೆ ತಿರುಗಿಸಿದಳು. ದೀಪ ಆರಿತು. "ಈಗ ಕೂತ್ಕೊಳ್ಳಿ." ಹೊತ್ತಿತು. ಆಕೆ ಟಾರ್ಚ್ ಹಿಡಿದು ಹಿಂದಿನ ಚಕ್ರದ ಪಕ್ಕ ನೆಲದವರೆಗೆ ಬಗ್ಗಿ ನೋಡಿದಳು. "ಭಾರಕ್ಕೆ ಗಾಡಿ ತಗ್ಗಿದಾಗ ಚಕ್ರದಿಂದ ಬ್ರೇಕಿಗೆ ಸುದ್ದಿ ಕೊಡೋ ಸೆನ್ಸರ್ ವೈರು ಮಡಚಿಕೊಳ್ತಿದೆ. ಮೇಲಿನ ರಬ್ಬರ್ ನೆಟ್ಟಗಿದೆ, ಒಳಗಿನ ತಂತಿ ಕಿತ್ತುಹೋಗಿದೆ. ಆ ಮೂಲೇಲಿ ಯಾರು ಕೂತ್ರೂ ಇದೇ ಕಥೆ." ಆ ಮೂಲೆಯನ್ನು ಅತ್ತೆಗಲ್ಲದೆ ಇನ್ಯಾರಿಗೂ ಕೊಟ್ಟಿರಲಿಲ್ಲವೆಂಬುದು ಅಳಿಯನಿಗೆ ಆಗ ಹೊಳೆಯಿತು. "ಜಾರೋ ರಸ್ತೇಲಿ ಬ್ರೇಕ್ ಒತ್ತಿದಾಗ ಗೊತ್ತಾಗಿದ್ರೆ ಕಷ್ಟ ಇತ್ತು," ಎಂದಳು ಒಡತಿ. "ಪುಣ್ಯಕ್ಕೆ ಅಮ್ಮ ಕೂತು ತೋರಿಸಿದ್ರು."

ಹೊಸ ವೈರು ಹಾಕಿದ ಮೇಲೆ ಅತ್ತೆ ಅದೇ ಮೂಲೆಯಲ್ಲಿ ಕೂತು, ಗಾಡಿ ಅಲ್ಲಾಡುವಂತೆ ಮೂರು ಸಲ ಕುಪ್ಪಳಿಸಿದರು. ದೀಪ ಹೊತ್ತಲಿಲ್ಲ. ಆಮೇಲೆ ಕೈಚೀಲ ಎತ್ತಿಕೊಂಡು ಇಳಿದರು. "ಬಸ್ಸು ಯಾಕತ್ತೆ ಇನ್ನು, ಬನ್ನಿ," ಎಂದು ಅಳಿಯ ಅವಸರದಿಂದ ಹಿಂದಿನ ಬಾಗಿಲು ಹಿಡಿದ.

"ಬಸ್ಸಿಗೆ ಯಾರು ಹೊರಟ್ರು?" ಅತ್ತೆ ಮುಂದಿನ ಬಾಗಿಲು ತೆಗೆದು, ಸ್ಟೇರಿಂಗಿನ ಪಕ್ಕದ ಸೀಟಿನಲ್ಲಿ ಆರಾಮಾಗಿ ಕೂತು, ಚೀಲವನ್ನು ತೊಡೆಯ ಮೇಲಿಟ್ಟುಕೊಂಡರು. "ದೀಪ ನಾನು ನೋಡ್ಕೋತೀನಿ, ಅಳಿಯಂದ್ರೇ. ನೀವು ರಸ್ತೆ ನೋಡಿ ಓಡ್ಸಿ."