ರೇಣುಕವ್ವನ ಕೊಸರು

“ಕೊಸರು ಹಾಕ ಬೇ, ರೇಣುಕವ್ವ,” ಎಂದು ಬಸಕ್ಕ ಸೆರಗು ಒಡ್ಡಿದಾಗ, ಒಣಮೀನಿನ ಬುಟ್ಟಿಗೆ ಇಳಿದಿದ್ದ ರೇಣುಕವ್ವನ ಕೈ ಅಲ್ಲಿಯೇ ನಿಂತಿತು. ಅಳ್ನಾವರದ ಸಂತೆಯಲ್ಲಿ ಅವಳ ಹತ್ತಿರ ಮೀನು ಕೊಂಡವರು ಯಾರೂ ಕೊಸರಿಲ್ಲದೆ ಹೋದವರಲ್ಲ. ಅಂಗೈ ಮೀರುವ ಬಂಗಡೆಗಳನ್ನು ಕೊಟ್ಟಾದ ಮೇಲೆ, ತಪ್ಪಿ ಬಲೆಗೆ ಬಿದ್ದ ಬೆರಳುದ್ದದ ಮರಿಗಳನ್ನು ಒಂದು ಹಿಡಿ ಪುಕ್ಕಟೆ ಸುರಿಯುವುದು ಅವಳ ಅವ್ವನ ಕಾಲದ ರೂಢಿ.

ಇವತ್ತು ಗೋವಾದ ರೈಲಿನಿಂದ ಇಳಿದ ಬುಟ್ಟಿಯಲ್ಲಿ ಬರೀ ಮರಿಗಳೇ ಇದ್ದವು. ಬಸಕ್ಕನಿಗೆ ಮಾರಿದ್ದೂ ಅವನ್ನೇ.

“ಇವು ಬೆಳೀಬೇಕಾದವು. ಯಾಕ ತಂದ್ಯೋ?” ಎಂದು ಬೆಳಿಗ್ಗೆ ಸ್ಟೇಷನ್ನಿನಲ್ಲಿ ಅವಳು ಸಿಡುಕಿದ್ದಳು. ಕಡಲ ದಂಡೆಯಿಂದ ಮೀನು ತರುವ ದುರ್ಗಪ್ಪ ತಲೆ ಎತ್ತಿರಲಿಲ್ಲ. “ಇಂಜಿನ್ ದೋಣಿಯವ್ರು ಸೊಳ್ಳಿ ಪರದಿಯಂಥ ಬಲಿ ಬಿಟ್ಟು ತಳಾನ ಬಳೀತಾರಕ್ಕಾ. ತತ್ತಿ ಇಡಾಕ ಒಂದು ತಾಯಿ ಉಳಿದಿಲ್ಲ. ಒಬ್ಬಾಂವ ಬಿಟ್ರ ಬಾಜೂದಾಂವ ಹಿಡೀತಾನ. ನೀ ಒಲ್ಲೆ ಅಂದ್ರ ಬಾಜೂದಾಕಿ ತಗೋತಾಳ.” ರೇಣುಕವ್ವ ಬುಟ್ಟಿಯನ್ನು ತಲೆಗೇರಿಸಿಕೊಂಡಿದ್ದಳು.

“ಯಾಕ ಬೇ, ಇವತ್ತ ಕೈ ಬಿಗಿ ಆತೇನು?” ಬಸಕ್ಕ ನಕ್ಕಳು. ಒಡ್ಡಿದ ಸೆರಗು ಹಾಗೇ ಇತ್ತು.

ರೇಣುಕವ್ವ ಬುಟ್ಟಿಯ ತಳದವರೆಗೂ ಕೈಯಾಡಿಸಿದಳು. ಮಾರಿದ್ದಕ್ಕಿಂತ ಸಣ್ಣದು ಒಂದೂ ಸಿಗಲಿಲ್ಲ. ಕೊನೆಗೆ ಬಿದಿರಿಗೆ ಅಂಟಿದ್ದ ಉಪ್ಪನ್ನು ಉಗುರಿನಿಂದ ಕೆರೆದು, ಒಂದು ಚಿಟಿಕೆ ಆ ಸೆರಗಿಗೆ ಉದುರಿಸಿದಳು.