ನರಕ ನೋಡಿ ಬಂದ ಮೇಸ್ತ್ರಿ

ಗಾಜಿನ ಕಾರ್ಖಾನೆಯ ಕುಲುಮೆ ಮೇಸ್ತ್ರಿ ನರಕಕ್ಕೆ ಹೋಗಿ ಬಂದದ್ದು ಒಟ್ಟು ಹನ್ನೊಂದು ಸಲ. ಹನ್ನೆರಡನೆಯ ಸಲ ಹೊರಟಾಗ ಸೈತಾನನೇ ಹೆಬ್ಬಾಗಿಲಿಗೆ ಓಡಿಬಂದು, "ಅಪ್ಪಾ ತಂದೆ, ನಿನ್ನ ಬಡಾಯಿ ಕೇಳಿ ನಮ್ಮ ಪಾಪಿಗಳೆಲ್ಲ ಹೊಟ್ಟೆ ಹಿಡಿದು ನಗ್ತಿದ್ದಾರೆ, ಶಿಕ್ಷೆಗೆ ಮರ್ಯಾದೆಯೇ ಇಲ್ಲದ ಹಾಗಾಗಿದೆ, ವಾಪಸ್ ಹೋಗು" ಎಂದು ಅವನ ಕಾಲು ಹಿಡಿದನಂತೆ. ಮೇಸ್ತ್ರಿ ಇದನ್ನು ಹೇಳದ ದಿನವಿಲ್ಲ, ಯಾರಾದರೂ ನಂಬಿದ ದಿನವೂ ಇಲ್ಲ.

ಅವತ್ತು ಮಧ್ಯಾಹ್ನ ಪಾಳಿ ಬದಲಾಗುವ ಹೊತ್ತಿಗೆ ಅವನ ಅತ್ತಿಗೆ ಕಬ್ಬಿಣದ ಮೆಟ್ಟಿಲು ಹತ್ತಿ ಕುಲುಮೆಯ ಹತ್ತಿರ ಬಂದಳು. ಅಣ್ಣನನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

"ನಾನು ಒಳಗಿನ ಬೆಂಕಿ ನೋಡಬೇಕು," ಎಂದಳು.

"ಅತ್ತಿಗೆ, ಇದೇನು ಅಡುಗೆಮನೆ ಒಲೆಯೇ? ಇದಕ್ಕೆ ಹೆದರಿ ಸೂರ್ಯನೇ ದಾರಿ ಬದಲಾಯಿಸಿಕೊಂಡು ಹೋಗ್ತಾನೆ."

"ತಮಾಷೆ ಬೇಡ ಕಣೋ. ಊರಿಗೆಲ್ಲ ಹೇಳಿದ್ದು ನೀನೇ ತಾನೆ? ಸಾಯೋ ಹೊತ್ತಲ್ಲಿ ಫಾದರನ್ನ ಕರೆಸಲಾ ಅಂದರೆ ಅಣ್ಣ ಗಹಗಹಿಸಿ ನಕ್ಕ, ಪಾಪನಿವೇದನೆ ಎಲ್ಲ ಹೇಡಿಗಳಿಗೆ, ನಾನು ನರಕದಲ್ಲೇ ಮೈ ಕಾಯಿಸಿಕೊಳ್ತೀನಿ ಅಂದ, ಅಂತ? ಅಂಥವರಿಗೆ ಏನು ಗತಿ ಅಂತ ಫಾದರನ್ನೇ ಕೇಳಿದೆ. ದೇವರನ್ನ ಬೇಡ ಅಂದವರಿಗೆ ಆ ಬೆಂಕಿ ಆರೋದೇ ಇಲ್ಲಮ್ಮ, ಎಂದೆಂದಿಗೂ, ಅಂದುಬಿಟ್ಟರು. ಆಮೇಲೆ ನನ್ನ ಮುಖ ನೋಡೋಕಾಗದೆ ಎದ್ದು ಹೋದರು. ಅದೆಷ್ಟು ಬಿಸಿ ಅಂತ ನನಗೆ ಗೊತ್ತಾಗಬೇಕು. ಅಷ್ಟಾದರೂ ನಿಮ್ಮಣ್ಣನ ಜೊತೆ ಇದ್ದ ಹಾಗಾಗುತ್ತೆ."

ಮೇಸ್ತ್ರಿ ತನ್ನ ನೀಲಿ ಗಾಜಿನ ಕನ್ನಡಕವನ್ನು ಅವಳಿಗೆ ಕೊಟ್ಟು, ಇಣುಕುಕಿಂಡಿಯ ಮುಚ್ಚಳ ಸರಿಸಿದ. ಏಳು ವರ್ಷದಿಂದ ಒಂದು ಗಳಿಗೆಯೂ ಆರದ ಕುಲುಮೆ ಅದು. ಆರಿದರೆ ಒಳಗಿನ ಗಾಜು ಕಲ್ಲಾಗಿಬಿಡುತ್ತದೆ. ಅವಳು ಬಗ್ಗಿ ನೋಡಿದಳು. ಎಷ್ಟೋ ಹೊತ್ತು ಅಲುಗಾಡಲಿಲ್ಲ.

"ಏನೂ ಕಾಣಿಸ್ತಿಲ್ಲವಲ್ಲೋ," ಎಂದಳು ಪಿಸುದನಿಯಲ್ಲಿ. "ಉರಿ ಎಲ್ಲಿ? ಗೋಡೆ ಎಲ್ಲಿ?"

"ಎಲ್ಲ ಅಲ್ಲೇ ಇದೆ ಅತ್ತಿಗೆ. ಬಿಸಿ ಕಡಿಮೆ ಇದ್ದಾಗ ಇಟ್ಟಿಗೆ ಬೇರೆ, ಉರಿ ಬೇರೆ, ಗಾಜು ಬೇರೆ ಕಾಣುತ್ತೆ. ಸಾವಿರದೈನೂರು ಡಿಗ್ರಿ ಮುಟ್ಟಿತೋ, ಎಲ್ಲಾ ಒಂದೇ ಬೆಳಕು. ಯಾವುದಕ್ಕೂ ಅಂಚಿಲ್ಲ, ಆಕಾರ ಇಲ್ಲ." ಇಪ್ಪತ್ತಾರು ವರ್ಷ ಇಂಥ ಕಿಂಡಿಗಳಲ್ಲಿ ಇಣುಕಿದವನು ಅವನು. ಆದರೂ ಈ ಮಾತು ಹೇಳುವಾಗ ದನಿ ತಾನಾಗಿಯೇ ತಗ್ಗಿತು. ಇದೊಂದಕ್ಕೆ ಮಾತ್ರ ಒಗ್ಗರಣೆ ಹಾಕಬೇಕೆಂದು ಅವನಿಗೆ ಎಂದೂ ಅನ್ನಿಸಿರಲಿಲ್ಲ.

"ಅಂದರೆ ಪಕ್ಕದಲ್ಲಿ ಯಾರಿದ್ದಾರೆ ಅಂತಲೂ ತಿಳಿಯಲ್ಲ?"

"ತಿಳಿಯಲ್ಲ."

"ನಾಳೆ ನಾನೇ ಅಲ್ಲಿಗೆ ಹೋದರೂ, ನನ್ನ ಮುಖ ಅವರಿಗೆ ಕಾಣಲ್ಲ?"

ಕೇಳಿದ್ದು ಮೆಲ್ಲಗೇ. ಆದರೆ ಅವಳು ಅಲ್ಲಿಗೆ ಹೊರಟೇ ನಿಂತವಳಂತೆ ಕಂಡಳು. ಮೇಸ್ತ್ರಿಗೆ ತಡೆದುಕೊಳ್ಳಲಾಗಲಿಲ್ಲ.

"ಅಣ್ಣ ಅಲ್ಲಿಲ್ಲ ಅತ್ತಿಗೆ! ಮೊನ್ನೆ ತಾನೆ ಹೋಗಿ ಬಂದೆ. ಮೂಲೆಮೂಲೆ ಜಾಲಾಡಿದೆ. ಕೋಟಿಗಟ್ಟಲೆ ಪಾಪಿಗಳು, ಒಬ್ಬೊಬ್ಬರ ಮುಖವನ್ನೂ ಹಿಡಿದು ತಿರುಗಿಸಿ ನೋಡಿದೆ..."

"ಮುಖ ಕಾಣಲ್ಲ ಅಂದೆಯಲ್ಲ, ಈಗ ತಾನೆ."

ಮೇಸ್ತ್ರಿ ಕಿಂಡಿಯ ಮುಚ್ಚಳವನ್ನು ಎಳೆದು ಮುಚ್ಚಿದ.

"ಅಣ್ಣ ನಗಲಿಲ್ಲ ಅತ್ತಿಗೆ. ಅವತ್ತು ನೀವು ಔಷಧಿ ತರೋಕೆ ಆಸ್ಪತ್ರೆಯ ಕೆಳಮಹಡಿಗೆ ಹೋಗಿದ್ರಿ. ಫಾದರನ್ನ ಕರ್ಕೊಂಡು ಬಾ, ಕರ್ಕೊಂಡು ಬಾ ಅಂತ ಒಂದೇ ಸಮ ಕೇಳಿದ. ನನ್ನ ಕೈ ಹಿಡ್ಕೊಂಡಿದ್ದ. ಬಿಡಿಸಿಕೊಂಡು ಹೋಗೋಕೆ ನನಗೆ ಧೈರ್ಯ ಬರಲಿಲ್ಲ. ಕೊನೆಗೆ ನನ್ನ ಹತ್ತಿರವೇ ಪಾಪ ಹೇಳಿಕೊಂಡ. ಅಪ್ಪನ ಗಡಿಯಾರ ಕದ್ದು ಮಾರಿದ್ದು, ಒಂದು ಸಲ ನಿಮ್ಮ ಮೇಲೆ ಕೈ ಎತ್ತಿದ್ದು. ದೇವರೇ ಕ್ಷಮಿಸು ಅಂತ ಮಗು ಅತ್ತ ಹಾಗೆ ಅತ್ತ. ನಮ್ಮಣ್ಣ ಹೆದರಿ ಅಳ್ತಾ ಹೋದ ಅಂತ ಜನಕ್ಕೆ ಹೇಗೆ ಹೇಳಲಿ? ಅದಕ್ಕೇ ಕತೆಯಲ್ಲಿ ಅವನನ್ನ ನಗಿಸಿದೆ."

ಅತ್ತಿಗೆ ಕನ್ನಡಕ ತೆಗೆದಳು.

"ಇದೂ ನಿನ್ನ ಕತೆಯೇ ಏನೋ?"

"ಕತೆಯಾಗಿದ್ದರೆ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ದೆ, ಅತ್ತಿಗೆ."