ಅತಿಥಿಯ ತಟ್ಟೆ

ಸಂಸಾರಿಯಾಗಿದ್ದೇ ಸಂತ ಬೆನೆಡಿಕ್ಟರ ನಿಯಮ ಪಾಲಿಸುತ್ತೇನೆಂದು ಇನ್ನಾಸಪ್ಪನು ಆ ಸಂತರ ಮಠದ ಸನ್ಯಾಸಿಗಳಿಗೆ ಮಾತು ಕೊಟ್ಟಿದ್ದ. ಭಾನುವಾರ ಬಂತೆಂದರೆ ಅಲ್ಲಿಗೆ ಓಟ. ಮನೆಯಲ್ಲಿ ಉಂಡ ತಟ್ಟೆಯಲ್ಲೇ ಕೈ ತೊಳೆದು ಏಳುವ ಈ ಮಹಾನುಭಾವ ಅಲ್ಲಿ ಅತಿಥಿಗಳ ಎಂಜಲೆತ್ತುತ್ತಾನಂತೆ! ಹೆಂಡತಿ ಲೂರ್ದಮ್ಮನಿಗೆ ನಗು ಬಂತು. ಈ ನಾಟಕವನ್ನು ಕಣ್ಣಾರೆ ನೋಡೇಬಿಡೋಣವೆಂದು ಮುಖ ಮುಚ್ಚುವಂತೆ ಸೆರಗು ಹೊದ್ದು, ಮಠದ ಅತಿಥಿಗಳ ಪಂಕ್ತಿಯಲ್ಲಿ ಹೋಗಿ ಕೂತಳು.

ಊಟ ಮುಗಿಸಿ ತಟ್ಟೆ ಹಿಡಿದು ಏಳಹೋದಾಗ, ತಲೆ ಬಗ್ಗಿಸಿಕೊಂಡೇ ಬಂದ ಗಂಡ ಅದನ್ನು ಮೆಲ್ಲಗೆ ಇಸಿದುಕೊಂಡ.

"ನೀವು ಕೂತ್ಕೊಳ್ಳಿ ತಾಯಿ. ಅತಿಥಿ ಅಂದ್ರೆ ನಮಗೆ ಸಾಕ್ಷಾತ್ ಕ್ರಿಸ್ತ."

ಮದುವೆಯಾದಂದಿನಿಂದ ಕೇಳದ ಆ ದನಿಗೆ ಅವಳ ಕಣ್ಣು ತುಂಬಿತು. ಸೆರಗು ಸರಿಸಿದಳು.

"ಓ, ನೀನಾ," ಎಂದು ಅವನು ತಟ್ಟೆಯನ್ನು ಅವಳ ಕೈಗೇ ತುರುಕಿದ. "ಬಾ ಒಳಗೆ, ಪಾತ್ರೆ ರಾಶಿ ಬಿದ್ದಿದೆ."